ತಾಮ್ರದ ಬಿಲ್ಲೆ ಮತ್ತು ನಾಲ್ಕನೆಯ ಉಬ್ಬು

2014ರ ಫೆಬ್ರವರಿ 11, ಮಂಗಳವಾರ, ಬೆಳಿಗ್ಗೆ 10 ಗಂಟೆ 40 ನಿಮಿಷ. ನಾನು ಕೆಲಸ ಮಾಡುವ ಶಹಾಪುರದ ರಿಪೇರಿ ಅಂಗಡಿಯ ಕಟ್ಟೆ ಹತ್ತಿ ಒಬ್ಬ ಅಕ್ಕ ಬಂದರು. ಎಳೆಗೂಸನ್ನು ಎತ್ತಿಕೊಂಡಂತೆ ಎರಡೂ ಕೈಯಲ್ಲಿ ಒಂದು ದಪ್ಪ ಲ್ಯಾಪ್‌ಟಾಪ್ ಹಿಡಿದಿದ್ದರು. ಅದಕ್ಕೆ ಹಳದಿ ಟವೆಲು ಸುತ್ತಿತ್ತು. ಮೇಜಿನ ಮೇಲೆ ಇಟ್ಟಾಗ ಸ್ಕ್ರೂಗಳ ಡಬ್ಬಿ ಸಣ್ಣಗೆ ಅದುರಿತು.

"ಇದರಾಗಿನ ಗ್ರಾಫಿಕ್ಸ್ ಕಾರ್ಡ್ ಬದಲಿ ಮಾಡಬೇಕಾಗ್ಯಾದ್ರಿ. ಹೈದರಾಬಾದಿನಾಗ ಮಾರಿದಾವ ಹೇಳ್ಯಾನ, ಬೇಕಾದಾಗ ನೀವಽ ಬದಲಿ ಮಾಡ್ಕೋಬೌದು ಅಂತ."

ಅಂಗಡಿಯ ಮಾಲೀಕರನ್ನು ನಾವೆಲ್ಲ ಕಾಕಾ ಎನ್ನುತ್ತೇವೆ. ಅವರು ಕೈಯಲ್ಲಿದ್ದ ಕೀಬೋರ್ಡಿನಿಂದ ತಲೆ ಎತ್ತಲಿಲ್ಲ. "ಮಾರೋರು ಹಂಗಽ ಹೇಳ್ತಾರವ್ವಾ. ಲ್ಯಾಪ್‌ಟಾಪಿನ ಕಾರ್ಡ್ ಅಂದ್ರ ಏನು ಹಲ್ಲೇನು, ಕಿತ್ತು ಬ್ಯಾರೆದು ಕಟ್ಟಿಸಾಕ?"

"ಹಲ್ಲಲ್ಲ ಅಂತ ನನಗೂ ಗೊತ್ತದ್ರಿ ಕಾಕಾ. ಒಮ್ಮಿ ಬಿಚ್ಚಿ ತೋರಿಸ್ರಿ. ನೋಡಿದ ಮ್ಯಾಲ ಇಲ್ಲ ಅನ್ರಿ."

ಕಾಕಾ ನನ್ನ ಕಡೆ ನೋಡಿದರು. ಬಿಚ್ಚುವುದು ನನ್ನ ಕೆಲಸ.

ನನ್ನ ನೋಟುಪುಸ್ತಕದ ಲೆಕ್ಕ ಕಾಕಾನ ಪರವಾಗಿಯೇ ಇತ್ತು. ಆ ದಿನದವರೆಗೆ ನಾನು ಬಿಚ್ಚಿದ ಲ್ಯಾಪ್‌ಟಾಪ್ 214. ಬೇರೆಯದೇ ಗ್ರಾಫಿಕ್ಸ್ ಚಿಪ್ ಇದ್ದದ್ದು 61ರಲ್ಲಿ. ಆ 61ರಲ್ಲಿ 60ಕ್ಕೆ ಚಿಪ್ಪನ್ನು ಮುಖ್ಯ ಬೋರ್ಡಿಗೇ ಬೆಸೆದಿದ್ದರು. ಬೆಸೆದದ್ದನ್ನು ಮನೆಯಲ್ಲಿ ಯಾರೂ ಬದಲಿಸಲಾರರು. ನಮ್ಮಂಥ ಅಂಗಡಿಯಲ್ಲೂ ಆಗದು. ಒಂದರಲ್ಲಿ ಮಾತ್ರ ಅದು ಅಂಗೈಯಗಲದ ಬೇರೆ ಬೋರ್ಡಿನ ಮೇಲೆ, ಗಾಡಿಯಲ್ಲಿ ಕುಳಿತಂತೆ ಕುಳಿತಿತ್ತು. ಅಂಥದ್ದಕ್ಕೆ ಎಂಎಕ್ಸ್‌ಎಂ ಕಾರ್ಡ್ ಎನ್ನುತ್ತಾರೆ. ಆ ಯಂತ್ರದ ಒಡೆಯರು ಎರಡನೆಯ ದಿನವೇ ಬಂದು ಅದನ್ನು ತೆಗೆದುಕೊಂಡು ಹೋಗಿದ್ದರು. ಹೀಗಾಗಿ ಬದಲಿಸಿದ ಅನುಭವ ಸೊನ್ನೆ.

ಹನ್ನೊಂದು ಸ್ಕ್ರೂ ತೆಗೆದು ಕೆಳಗಿನ ಮುಚ್ಚಳ ಎತ್ತಿದೆ. ತಾಮ್ರದ ಕೊಳವೆಗಳ ಕೆಳಗೆ, ಕಪ್ಪು ಮಣ್ಣಿನ ಸಣ್ಣ ಧೂಳು ಹೊದ್ದುಕೊಂಡು ಒಂದು ಬೇರೆ ಬೋರ್ಡು ಮಲಗಿತ್ತು. ಎರಡು ಸ್ಕ್ರೂ ಬಿಚ್ಚಿದರೆ ಓರೆಯಾಗಿ ಮೇಲೇಳುವಂಥದ್ದು. ಅರವತ್ತೆರಡರಲ್ಲಿ ಎರಡನೆಯದು.

"ಕಾಕಾ," ಎಂದೆ, "ಇದು ಹಲ್ಲಽ ಅದ."

ಅಕ್ಕ ನಕ್ಕರು. ಕಾಕಾ ನಗಲಿಲ್ಲ. "ಕೀಳೂದು ಸುಲಭ ತಂಗಿ," ಎಂದರು.

ಅಕ್ಕ ಸಗರದವರು. ಸಿವಿಲ್ ಡಿಪ್ಲೊಮಾ ಮುಗಿಸಿ ಗುತ್ತಿಗೆಯ ಮೇಲೆ ನಕಾಶೆ ಬರೆಯುತ್ತಿದ್ದರು. ಹಿಂದಿನ ಸಲ ಕಾಲುವೆಯ ನೀರು ನಿಲ್ಲಿಸಿದಾಗ ಯಂತ್ರದಿಂದ ಅಳೆದ ಲಕ್ಷಾಂತರ ಬಿಂದುಗಳು ಅವರ ಬಳಿ ಇದ್ದವು. ಪ್ರತಿ ಬಿಂದುವಿಗೂ ಒಂದು ಎತ್ತರ. ಅವನ್ನೆಲ್ಲ ಸೇರಿಸಿದರೆ ಉಪಕಾಲುವೆಯ ಕೊನೆಯ ಆರು ಕಿಲೋಮೀಟರು ಪರದೆಯ ಮೇಲೆ ಎದ್ದು ನಿಲ್ಲಬೇಕು. ಆದರೆ ಪೂರ್ತಿ ಮಾದರಿ ತೆರೆದ ಕೂಡಲೇ ಪರದೆ ಕಪ್ಪಾಗುತ್ತಿತ್ತು. ಹನ್ನೊಂದು ತುಂಡು ಮಾಡಿ ನೋಡಿದರೆ ತೆರೆಯುತ್ತಿತ್ತು; ಆದರೆ ತುಂಡುಗಳಲ್ಲಿ ಇಡೀ ಇಳಿಜಾರು ಕಣ್ಣಿಗೆ ಸಿಗುತ್ತಿರಲಿಲ್ಲ.

"ತೂಬಿನ ಹಂತ್ಯಾಕ ಮೊಣಕಾಲುದ್ದ ನೀರು ಅದ," ಎಂದರು ಅಕ್ಕ. "ತುದಿಯ ಹೊಲಕ್ಕ ಬರೂದ್ರಾಗ ಅಂಗಾಲು ತೋಯಂಗಿಲ್ಲ. ಕಾಗದದ ಮ್ಯಾಲ ಇಳಿಜಾರು ಸರಿನೇ ಅದ, ಯಾಕಂದ್ರ ನಡುವಿನ ಗೆರಿ ಅಷ್ಟಽ ಲೆಕ್ಕಕ್ಕ ಹಿಡಿದಾರ. ಅಂಚಿನಾಗ, ತಿರುವಿನಾಗ ಎಲ್ಲೋ ಹೂಳು ಕೂತು ಕಲ್ಲಾಗ್ಯಾದ. 24ಕ್ಕ ಕಾಲುವಿ ಬಂದ್ ಆಗ್ತದ. ಮಾರ್ಚ್ 5ಕ್ಕ ಮತ್ತ ನೀರು ಬಿಡ್ತಾರ. ಅಷ್ಟ್ರಾಗ ಎಲ್ಲಿ ಅಗೀಬೇಕು ಅಂತ ತೋರಿಸಿದ್ರ ಎಂಜಿನಿಯರ್ ಸಾಹೇಬ್ರು ಒಪ್ಪಿಗಿ ಕೊಡ್ತೀನಿ ಅಂದಾರ. ತೋರಿಸಲಿಲ್ಲಂದ್ರ ಈ ಹಂಗಾಮಿನ ಕೊನೀ ಪಾಳಿ ನೀರೂ ನಮ್ಮವರಿಗೆ ಸಿಗಂಗಿಲ್ಲ."

ಹೀಗೆ ಕೆಲಸದ ಗಡುವು ಗೊತ್ತಾಯಿತು. ಹದಿಮೂರು ದಿನ.

ಮೊದಲು ಅವರ ಕಡತಗಳನ್ನು ಎರಡು ಕಡೆ ನಕಲು ಮಾಡಿಟ್ಟೆ. ಆಮೇಲೆ ಹಳೆಯ ಕಾರ್ಡಿನ ಮೇಲೆಯೇ ಮಾದರಿಯನ್ನು ಮೂರು ಸಲ ತೆರೆದು, ಪರದೆ ಕಪ್ಪಾಗುವ ಹೊತ್ತಿಗೆ ಏನೇನು ಕಾಣುತ್ತದೆ ಎಂದು ಬರೆದುಕೊಂಡೆ. ಬಿಸಿ 61 ಡಿಗ್ರಿ. ಕಾರ್ಡಿನ ಸ್ಮರಣೆ 512 ಎಂಬಿ, ಮೂರು ಸಲವೂ ಪೂರ್ತಿ ತುಂಬಿತ್ತು. ಬರೆದೆನೇ ಹೊರತು ಬರೆದದ್ದನ್ನು ಓದಲಿಲ್ಲ. ಮರುದಿನ ಅದೇ ಗಾತ್ರದ, ಮೇಲಿನ ತಾಮ್ರದ ಫಲಕ ಬಿಗಿಯುವ ಅದೇ ನಾಲ್ಕು ಸ್ಕ್ರೂ ರಂಧ್ರಗಳ ಕಾರ್ಡುಗಳ ಪಟ್ಟಿ ಹುಡುಕಿ, ಸಿಕ್ಕವುಗಳಲ್ಲಿ ಎಲ್ಲಕ್ಕಿಂತ ವೇಗದ್ದನ್ನು ಆರಿಸಿದೆ. ಅದು ಹೊಸದಲ್ಲ, ಯಾರದೋ ಯಂತ್ರದಿಂದ ಬಿಚ್ಚಿದ್ದು. ಸ್ಮರಣೆ 2 ಜಿಬಿ. ವೇಗದ ಅಂಕಿಯ ಕೆಳಗೆ ಎರಡು ಗೆರೆ ಎಳೆದೆ.

17ರಂದು ಸೋಮವಾರ ಪಾರ್ಸೆಲ್ ಯಾದಗಿರಿಗೆ ಬಂತು. ನಾನೇ ಹೋಗಿ ತಂದೆ. ಬರುವಾಗ ಭೀಮೆಯ ಸೇತುವೆ ದಾಟುವ ಹೊತ್ತಿಗೆ ಬಸ್ಸಿನಲ್ಲಿ ಅರ್ಧ ಜನ ನಿದ್ದೆಯಲ್ಲಿದ್ದರು. ಹೊಳೆಯಲ್ಲಿ ನೀರು ಕಡಿಮೆ, ಬೆಳಕು ಜಾಸ್ತಿ. ತೊಡೆಯ ಮೇಲಿನ ಪೊಟ್ಟಣದಲ್ಲಿ ಇನ್ನೊಂದು ಯಂತ್ರದ ಕಣ್ಣು ಇದೆ, ಅದು ಈಗಾಗಲೇ ಏನೇನೋ ನೋಡಿದೆ ಎಂದು ಅನ್ನಿಸಿತು. ಯಾರು ಏನು ಬಿಡಿಸಿದ್ದರೋ ಇದರ ಮೇಲೆ. ಕಟ್ಟಡವೋ, ಆಟವೋ.

18ರಂದು ಕೂರಿಸಿದೆ. ಕಾರ್ಡು ಸ್ಲಾಟಿಗೆ ಸರಿಯಾಗಿ ಹೊಂದಿತು, ಸ್ಕ್ರೂಗಳೂ ಹೊಂದಿದವು. ಶಾಖ ಹೀರುವ ತಾಮ್ರದ ಫಲಕವನ್ನು ಮೇಲೆ ಬಿಗಿದು, ಮತ್ತೆ ಬಿಚ್ಚಿ ನೋಡಿದರೆ ಚಿಪ್ಪಿನ ಮೇಲೆ ಹಚ್ಚಿದ ಬಿಳಿ ಪೇಸ್ಟು ಹಚ್ಚಿದ ಹಾಗೆಯೇ ಇತ್ತು. ಫಲಕ ಅದನ್ನು ಮುಟ್ಟಿರಲೇ ಇಲ್ಲ. ಹೊಸ ಚಿಪ್ಪು ಹಳೆಯದಕ್ಕಿಂತ ಕುಳ್ಳ. ಎಷ್ಟು ಕುಳ್ಳ ಎಂದು ತಿಳಿಯಲು ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದದ ಚೂರುಗಳನ್ನು ಒಂದರ ಮೇಲೊಂದು ಇಟ್ಟು ಒತ್ತಿದೆ. ಎರಡು ಚೂರಿಗೆ ಸಡಿಲ, ಮೂರಕ್ಕೆ ಬಿಗಿ. ಮೂರು ಚೂರಿನ ದಪ್ಪ ವರ್ನಿಯರ್‌ನಲ್ಲಿ 0.7 ಮಿಲಿಮೀಟರ್.

ಸದ್ಯಕ್ಕೆ ನಡುವೆ ಶಾಖ ದಾಟಿಸುವ ರಬ್ಬರಿನಂಥ ಹಾಳೆ ಇಟ್ಟು ಚಾಲೂ ಮಾಡಿದೆ. ಒಂದು ಉದ್ದ ಬೀಪ್, ಎರಡು ಗಿಡ್ಡ ಬೀಪ್. ಪರದೆ ಕತ್ತಲು. ಅಂಗಡಿಯ ಹಳೆಯ ಮಾನಿಟರ್ ಜೋಡಿಸಿದರೆ ಅದರಲ್ಲಿ ಚಿತ್ರ ಬಂತು. ಎಂದರೆ ಕಾರ್ಡು ಬದುಕಿದೆ, ಯಂತ್ರ ಮಾತ್ರ ಅದರ ಗುರುತು ಹಿಡಿಯುತ್ತಿಲ್ಲ. ಯಂತ್ರ ಚಾಲೂ ಆಗುವಾಗ ಮೊದಲು ಓಡುವ ಪ್ರೋಗ್ರಾಮು, ಬಯೋಸ್, ಹಳೆಯದಿತ್ತು. ಹೊಸದನ್ನು ಇಳಿಸಿ, ನಡುವೆ ಕರೆಂಟು ಹೋದರೂ ನಿಲ್ಲದಂತೆ ಬ್ಯಾಟರಿ ತುಂಬಿಸಿಕೊಂಡು ಹಾಕಿದೆ. ಮಧ್ಯಾಹ್ನ 1.25ಕ್ಕೆ ಲ್ಯಾಪ್‌ಟಾಪಿನ ಸ್ವಂತ ಪರದೆ ನಿಧಾನವಾಗಿ ಬೆಳಗಿತು. ಆದರೆ ಏನೂ ಕೆಲಸ ಕೊಡದಿದ್ದರೂ ನಾಲ್ಕು ನಿಮಿಷದಲ್ಲಿ ಬಿಸಿ 90 ಡಿಗ್ರಿಗೆ ಏರಿತು. ರಬ್ಬರಿನ ಹಾಳೆ ಸಾಲದು. ತಾಮ್ರವೇ ಬೇಕು, 0.7 ದಪ್ಪ, ಎರಡು ಸೆಂಟಿಮೀಟರ್ ಅಗಲದ ಒಂದು ಬಿಲ್ಲೆ.

ಶಹಾಪುರದಲ್ಲಿ ಅಷ್ಟು ತೆಳ್ಳಗಿನ ತಾಮ್ರದ ತಗಡು ಸಿಗಲಿಲ್ಲ. ಫೋನಿನಲ್ಲಿ ಅಕ್ಕ ಹೇಳಿದರು: "ಸುರಪುರಕ್ಕ ಹೋಗು ತಂಗಿ. ಕ್ವಾಟಿ ಕಡೆ ಓಣ್ಯಾಗ ಒಬ್ಬ ಕಲಾಯಿ ಉಸ್ತಾದ್ ಅದಾರ. ನಮ್ಮಜ್ಜಿ ಬೋಗಾಣಿ ಎಲ್ಲಾ ಅಲ್ಲೇ ಒಯ್ತಾಳ. ತಾಮ್ರ ಅವರ ಕೈಯಾಗ ಹಪ್ಪಳ ಆಗ್ತದ."

19ನೇ ತಾರೀಖು, ಬುಧವಾರ, 9.15ರ ಬಸ್ಸು. ರಸ್ತೆಯ ಒಂದು ಬದಿಗೆ ಬಂಡೆಗಳ ಗುಡ್ಡ, ಇನ್ನೊಂದು ಬದಿಗೆ ಕಾಲುವೆಯ ನೀರು ಕುಡಿದ ಭತ್ತದ ಹಸಿರು. ಬಸ್ಸು ಎಷ್ಟು ಓಡಿದರೂ ಬೆಳ್ಳಕ್ಕಿಗಳು ಅದೇ ಜಾಗದಲ್ಲಿ ನಿಂತಿದ್ದಂತೆ ಕಾಣುತ್ತಿತ್ತು. ನಾನು ಅವನ್ನು ಎಣಿಸಲು ಶುರುಮಾಡಿ 43ಕ್ಕೆ ಲೆಕ್ಕ ತಪ್ಪಿದೆ.

ಉಸ್ತಾದ್ ವಯಸ್ಸಾದವರು. ನೆಲದಲ್ಲಿ ತೋಡಿದ ಇದ್ದಿಲ ಕುಣಿಯ ಮುಂದೆ ಕುಕ್ಕುರುಗಾಲಲ್ಲಿ ಕುಳಿತಿದ್ದರು. ನಾನು ಕಾಗದದಲ್ಲಿ ಅಳತೆ ಬರೆದು ಕೊಟ್ಟೆ. ಅವರು ಅದನ್ನು ತಲೆಕೆಳಗಾಗಿ ಹಿಡಿದು ನೋಡಿದರು.

"ಇಷ್ಟು ಚೋಟಾ? ಇದು ಯಾವ ಬರ್ತನ್ ಬೇಟಿ? ಇರುವಿಗಿ ಊಟಕ್ಕ ಹಾಕ್ತೀಯೇನು?"

"ಕಂಪ್ಯೂಟರಿಗಿ ಬೇಕ್ರಿ ಚಾಚಾ. ಬಿಸಿ ತಡ್ಕೋಬೇಕು. ಸಪಾಟ ಇರಬೇಕು."

"ಬಿಸಿ ನನಗ ಬಿಡು. ಪಚಾಸ್ ಸಾಲ್ ಬಿಸಿ ಜೊತೀನೇ ಕುಂತೀನಿ. ಹೋಗು, ಚಹಾ ಕುಡಿದು ಬಾ."

ತೂತು ಬಿದ್ದ ಒಂದು ಹಳೆಯ ಬೋಗಾಣಿಯ ತಳದಿಂದ ಅವರು ತುಂಡು ಕತ್ತರಿಸಿದ್ದನ್ನು ನೋಡಿಯೇ ಎದ್ದೆ. ಸುತ್ತಿಗೆಯ ಸದ್ದು ಓಣಿಯ ತಿರುವಿನವರೆಗೂ ಕೇಳುತ್ತಿತ್ತು. ಮುಕ್ಕಾಲು ಗಂಟೆಯ ಮೇಲೆ ತಿರುಗಿ ಬಂದಾಗ ಸುತ್ತಿಗೆ ನಿಂತಿತ್ತು. ಚಿಮಟದ ತುದಿಯಲ್ಲಿ ನನ್ನ ಬಿಲ್ಲೆ ಕೆಂಡದ ಮೇಲಿತ್ತು. ಉಸ್ತಾದ್ ನವಸಾಗರದ ಪುಡಿ ಚಿಟಿಕೆ ಎಸೆದರು, ಬಿಳಿ ಹೊಗೆ ಎದ್ದಿತು. ತವರದ ಕಡ್ಡಿಯನ್ನು ಒಮ್ಮೆ ಮುಟ್ಟಿಸಿ, ಹತ್ತಿಯ ಉಂಡೆಯಿಂದ ಒಂದೇ ಸಲ ಒರೆಸಿದರು. ಕೆಂಪು ತಾಮ್ರದ ಮೇಲೆ ಬೆಳ್ಳಿಯ ಬಣ್ಣ ಉಸಿರಿನಂತೆ ಹರಡಿತು. ಹೊಗೆಯ ಒಳಗೆ ಸಣ್ಣದೊಂದು ಚಂದ್ರ ಹುಟ್ಟಿದ ಹಾಗಿತ್ತು. ಬೇಡ ಎನ್ನಲು ಆಗ ಸಮಯವಿತ್ತು. ಇನ್ನೊಂದು ಬದಿ ಬಾಕಿ ಇತ್ತು. ನಾನು ಬಾಯಿ ತೆರೆಯಲಿಲ್ಲ. ಅವರು ಬಿಲ್ಲೆ ಮಗುಚಿ ಆ ಬದಿಗೂ ಹಚ್ಚಿದರು, ನಾನು ನೋಡುತ್ತಲೇ ನಿಂತೆ.

ನೀರಿಗೆ ಅದ್ದಿದ ಮೇಲೆಯೇ ಮಾತು ಬಂತು. "ಕಲಾಯಿ ಯಾಕ ಹಾಕಿದ್ರಿ ಚಾಚಾ?"

"ಅರೇ, ತಾಂಬಾ ಬರೀ ಮೈಲೇ ಕೊಡ್ತಾರೇನು? ಜಹರ್ ಆಗ್ತದ. ನನ್ನ ಕೈಯಿಂದ ಇವತ್ತಿನ ತನಾ ಒಂದು ಬರ್ತನ್ ಬಿನಾ ಕಲಾಯಿ ಹೋಗಿಲ್ಲ."

"ಇದರಾಗ ಯಾರೂ ಉಣ್ಣಂಗಿಲ್ರಿ."

"ನೀ ಉಣ್ಣಂಗಿಲ್ಲ. ನಾಳಿ ಯಾರ ಕೈಗಿ ಹೋಗ್ತದೋ ಯಾರಿಗಿ ಗೊತ್ತು? ಒಯ್ಯಿ. ದೇಖೋ, ಮುಖ ಕಾಣ್ತದ."

ನಿಜವಾಗಿ ಮುಖ ಕಾಣುತ್ತಿತ್ತು. ತಪ್ಪು ಅವರದಲ್ಲ. ಏನು ಬೇಕು ಎಂದು ಹೇಳಿದೆ, ಏನು ಬೇಡ ಎಂದು ಹೇಳಲಿಲ್ಲ. ಕಲಾಯಿಯ ಅಂಗಡಿಗೆ ಹೋಗಿ ಕಲಾಯಿ ಬೇಡ ಎನ್ನಬೇಕಾಗುತ್ತದೆಂದು ನನಗೆ ಹೊಳೆದಿರಲಿಲ್ಲ.

20ರಂದು ಸಂಜೆ 4.12ಕ್ಕೆ ಪರೀಕ್ಷೆ. ಬಿಲ್ಲೆಯ ಎರಡೂ ಬದಿಗೆ ಪೇಸ್ಟು ಹಚ್ಚಿ ಬಿಗಿದಿದ್ದೆ. ಬಿಸಿ ಹೀಗೆ ಬರೆದುಕೊಂಡಿದ್ದೇನೆ: ಒಂದನೆಯ ನಿಮಿಷ 58, ಐದನೆಯದು 84, ಹನ್ನೊಂದನೆಯದು 96. ಮಾದರಿ ಮುಕ್ಕಾಲು ಭಾಗ ತೆರೆದಿತ್ತು. ಆಗ ಪರದೆಯ ತುಂಬ ಬಣ್ಣಬಣ್ಣದ ತ್ರಿಕೋನಗಳು ಎದ್ದವು. ಕಾಲುವೆಯ ತಳದಿಂದ ಮುಳ್ಳುಗಳು ಆಕಾಶಕ್ಕೆ ಬೆಳೆದಂತೆ. ಮರುಕ್ಷಣ ಯಂತ್ರ ತಾನೇ ಆರಿತು.

ಕಾಕಾ ಬಂದು ಬಿಲ್ಲೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿದರು. "ಕಂಪ್ಯೂಟರಿಗಿ ಕಲಾಯಿ ಮಾಡಿಸ್ಕೊಂಡ ಬಂದಾಳ ನೋಡ್ರಿ. ನಾಳಿಂದ ಇದರಾಗ ಸಾರು ಕಾಸೂನು."

ಮರುದಿನ ಬೆಳಿಗ್ಗೆ ಮತ್ತೆ ಬಿಚ್ಚಿದಾಗ ಎರಡು ಸಂಗತಿ ಕಂಡವು. ಕಲಾಯಿ ಕೈಯಿಂದ ಒರೆಸಿದ್ದಾದ್ದರಿಂದ ಬಿಲ್ಲೆ ನಡುವೆ 1.0, ಅಂಚಿನಲ್ಲಿ 0.8. ಎಂದರೆ ಅದು ಚಿಪ್ಪಿನ ಮೇಲೆ ಸಪಾಟಾಗಿ ಕೂರದೆ ಹೊಟ್ಟೆಯ ಮೇಲೆ ಮಲಗಿದಂತೆ ಕುಳಿತಿತ್ತು. ಎರಡನೆಯದು ಇನ್ನೂ ಕೆಟ್ಟದ್ದು. ಅಂಚಿನ ಸುತ್ತ ಬಿಳಿಯ ಹುಡಿ, ಅದರ ಹೊರಗೆ ಹಸಿರಿನ ತೆಳ್ಳನೆಯ ಗೆರೆ. ತೊಳೆದರೂ ಉಳಿದಿದ್ದ ನವಸಾಗರ. ತೇವ ಹೀರಿ ಲೋಹ ತಿನ್ನುವ ವಸ್ತು ಅದು. ಇನ್ನೆರಡು ದಿನ ಬಿಟ್ಟಿದ್ದರೆ ಕಾರ್ಡಿನ ಮೇಲಿನ ಸಾಸಿವೆ ಕಾಳಿನಷ್ಟು ಸಣ್ಣ ಬಿಡಿಭಾಗಗಳಿಗೆ ಇಳಿಯುತ್ತಿತ್ತು.

ಅದೇ ಹೊತ್ತಿಗೆ ಅಕ್ಕ ಬಂದರು. ಮೇಜಿನ ಮೇಲೆ ಎಲ್ಲ ಹರಡಿದ್ದನ್ನು ನೋಡಿ ನಿಂತೇ ಇದ್ದರು.

"ಹಳೇದು ಹಾಕಿ ಕೊಟ್ಟಬಿಡು," ಎಂದರು ಕಾಕಾ ನನಗೆ. "ತುಂಡು ತುಂಡರ ತೆರೀತಿತ್ತಲ್ಲ. ಇದ್ದದ್ದೂ ಹೋದ್ರ ಈ ಅವ್ವಗ ಏನು ಹೇಳ್ತಿ?"

"ತುಂಡಿನಾಗ ಕಾಣಂಗಿಲ್ರಿ ಕಾಕಾ," ಎಂದರು ಅಕ್ಕ. ದನಿ ಏರಲಿಲ್ಲ. "ಹನ್ನೊಂದು ತುಂಡೂ ಕಾಗದದಾಗ ಛಾಪಿಸಿ ಮನಿ ಗ್ವಾಡಿಗಿ ಹಚ್ಚೀನಿ. ನಮ್ಮಪ್ಪ ಅದರ ಮುಂದ ಕುಂತು ಕೇಳ್ತಾನ, ಇದರಾಗ ನೀರು ಎಲ್ಲಿ ನಿಂತದ ತೋರಸು ಅಂತ. ಏನು ತೋರಿಸ್ಲಿ?"

ಮೂರು ದಿನ ಉಳಿದಿತ್ತು. ಸಂಜೆವರೆಗೆ ಸಮಯ ಕೊಡಿ ಎಂದು ಕೇಳಿದೆ.

ಮಧ್ಯಾಹ್ನ ಪೇಟೆ ಅರೆನಿದ್ದೆಗೆ ಜಾರಿತು. ಅಂಗಡಿಯ ಬಾಗಿಲಲ್ಲಿ ನಿಂತರೆ ಮಲಗಿದ ಬುದ್ಧನ ಗುಡ್ಡ ಬಿಸಿಲಿನಲ್ಲಿ ಉಸಿರಾಡುವಂತೆ ಕಾಣುತ್ತಿತ್ತು. ನಾನು ನೋಟುಪುಸ್ತಕ ತೆಗೆದು ಮೊದಲ ದಿನದಿಂದ ಓದಿದೆ. 11ನೇ ತಾರೀಖಿನ ಪುಟದಲ್ಲಿ ಕಣ್ಣು ನಿಂತಿತು. ಹಳೆಯ ಕಾರ್ಡು ಕೈಕೊಟ್ಟಾಗ ಬಿಸಿ 61 ಡಿಗ್ರಿ ಮಾತ್ರ. ಅದು ದಣಿದಿರಲೇ ಇಲ್ಲ. ಮೂರು ಸಲವೂ ತುಂಬಿದ್ದು ಸ್ಮರಣೆ. ಮಾದರಿಗೆ ಬೇಕಾದದ್ದು ಜಾಗ, ವೇಗವಲ್ಲ. ನಾನು ವೇಗದ ಹಿಂದೆ ಬಿದ್ದು ಬಿಸಿಯನ್ನು ಮನೆಗೆ ಕರೆತಂದಿದ್ದೆ.

ಸಂಜೆ ಅಕ್ಕನಿಗೂ ಕಾಕಾನಿಗೂ ಒಟ್ಟಿಗೆ ಹೇಳಿದೆ. "ಹೊಸ ಕಾರ್ಡಿನ ಪೂರ್ತಿ ಶಕ್ತಿ ನಮಗ ಬ್ಯಾಡ. ಅದರ ವೇಗ ಇಳಸ್ತೀನಿ, ಕರೆಂಟೂ ಕಡಿಮಿ ಕೊಡ್ತೀನಿ. ಜಾಗ ಅಷ್ಟಽ ಬಳಸೂನು. ಮಾದರಿ ಮೆಲ್ಲಕ ತಿರುಗ್ತದ. ಆದ್ರ ತೆರೀತದ."

"ಎತ್ತಿನ ಬಂಡಿ ಆದ್ರೂ ನಡೀತದ," ಎಂದರು ಅಕ್ಕ. "ಆರು ಕಿಲೋಮೀಟರ್ ತಾನೇ."

22ರಂದು ಇಡೀ ದಿನ ಬಿಲ್ಲೆ ಉಜ್ಜಿದೆ. ಗಾಜಿನ ಮೇಲೆ ಪಾಲಿಶ್ ಕಾಗದ ಹಾಸಿ, ನೀರು ಚಿಮುಕಿಸಿ, ಒಂದೇ ಬೆರಳಿನ ಒತ್ತಡದಲ್ಲಿ. ಮೊದಲು 400, ಆಮೇಲೆ 800, ಕೊನೆಗೆ 1200 ನಂಬರಿನ ಕಾಗದ. ಒಟ್ಟು 1,140 ಸುತ್ತು. ಬೆಳ್ಳಿಯ ಬಣ್ಣ ಸವೆದು ತಾಮ್ರದ ಕೆಂಪು ಮತ್ತೆ ಮೇಲೆ ಬಂದಾಗ ಉಸ್ತಾದರ ಕೈಕೆಲಸ ಅಳಿಸುತ್ತಿದ್ದೇನೆಂದು ಕಸಿವಿಸಿಯಾಯಿತು. ಎಲ್ಲ ಮೂಲೆಯಲ್ಲೂ 0.72 ಬಂದ ಮೇಲೆ ನಿಲ್ಲಿಸಿ, ಸೋಡಾಪುಡಿಯ ನೀರಿನಲ್ಲೂ ಬರೀ ನೀರಿನಲ್ಲೂ ತೊಳೆದು, ಸ್ಪಿರಿಟ್‌ನಲ್ಲಿ ಒರೆಸಿದೆ. ಕಾರ್ಡನ್ನೂ ಹಲ್ಲುಜ್ಜುವ ಬ್ರಷ್ಷಿನಿಂದ ಸ್ಪಿರಿಟ್ ಹಚ್ಚಿ ಮೂರು ಸಲ ತೊಳೆದೆ.

23, ಭಾನುವಾರ. ಜೋಡಿಸುವ ಕೆಲಸವನ್ನು ಅಕ್ಕನಿಂದಲೇ ಮಾಡಿಸಿದೆ. ಹೊಲದಲ್ಲಿ ಏನಾದರೂ ಸಡಿಲವಾದರೆ ಅಲ್ಲಿ ನಾನಿರುವುದಿಲ್ಲ.

"ಒಂದನೇದು ಅರ್ಧ ತಿರುಪ್ರಿ. ಈಗ ಅದರ ಎದುರು ಮೂಲಿದು. ಒಂದಽ ಕಡಿ ಬಿಗೀಬ್ಯಾಡ್ರಿ, ಚಿಪ್ಪು ಮೂಲಿಗೆ ಒಡೀತದ."

"ನಿಮ್ಮ ಕಾಕಾನ ಹಲ್ಲಿನ ವೈದ್ಯಕಿ ಇದು," ಎಂದರು ಅಕ್ಕ, ನಾಲಿಗೆ ಕಚ್ಚಿಕೊಂಡು ತಿರುಪುತ್ತಾ. ಕಾಕಾ ಈ ಸಲ ನಕ್ಕರು.

ವೇಗವನ್ನು ಶೇಕಡಾ ಅರವತ್ತಕ್ಕೆ ಇಳಿಸಿದೆ. ನಲವತ್ತು ನಿಮಿಷ ಓಡಿಸಿದರೂ ಬಿಸಿ 78ರಲ್ಲಿ ನಿಂತಿತು.

24ರಂದು, ಕಾಲುವೆಯ ನೀರು ನಿಂತ ದಿನ, ಮಧ್ಯಾಹ್ನ 3.20ಕ್ಕೆ ಪೂರ್ತಿ ಮಾದರಿ ತೆರೆಯಿತು. ತೆರೆಯಲು ಆರು ನಿಮಿಷ ಹಿಡಿಯಿತು. ಕಪ್ಪು ಆಕಾಶದಲ್ಲಿ ಆರು ಕಿಲೋಮೀಟರು ಉದ್ದದ ಕಾಲುವೆ ಒಂದು ಬೂದು ಸೆರಗಿನಂತೆ ತೇಲುತ್ತಿತ್ತು. ಅಕ್ಕ ಅದನ್ನು ಒಂದು ಬೆರಳಿನಿಂದ ತಿರುಗಿಸಿದರು. ಅದು ನಿಧಾನವಾಗಿ, ನೀರಿನೊಳಗೆ ಮಲಗಿದ ದೊಡ್ಡ ಪ್ರಾಣಿ ಮಗ್ಗುಲು ಬದಲಿಸಿದಂತೆ ತಿರುಗಿತು. ಬಿಸಿಲು ಯಾವ ಕಡೆಯಿಂದ ಬೀಳಬೇಕೆಂದು ಹೇಳಿದರೆ ಆ ಕಡೆಯಿಂದ ನೆರಳು ಮೂಡುತ್ತಿತ್ತು. ಸಂಜೆಯ ಬಿಸಿಲಿನಂತೆ ಓರೆಯಾಗಿ ಬೆಳಕು ಹಾಕಿದಾಗ ತಳದಲ್ಲಿ ನೆರಳುಗಳು ಎದ್ದವು. ಎರಡು ತಿರುವಿನಲ್ಲಿ, ಒಂದು ಸೇತುವೆಯ ಕೆಳಗೆ, ಒಂದು ಜಾಲಿಗಿಡಗಳ ಪೊದೆಯ ಹತ್ತಿರ. ನಾಲ್ಕು ಉಬ್ಬು.

"ಇದಽ ನಮ್ಮ ಕಾಲುವಿ," ಎಂದರು ಅಕ್ಕ ಕೊನೆಗೆ, ಯಾರಿಗೂ ಅಲ್ಲದ ಹಾಗೆ. ನಾಲ್ಕೂ ಜಾಗದ ಚಿತ್ರ ತೆಗೆದುಕೊಂಡರು. ಮರುದಿನ ಎಂಜಿನಿಯರು ನೋಡಿ ನಾಲ್ಕು ಕಡೆ ಅಗೆಯಲು ಒಪ್ಪಿಗೆ ಬರೆದುಕೊಟ್ಟರು.

27ರಂದು ನಾನೂ ಹೋದೆ. ಬತ್ತಿದ ಕಾಲುವೆಯ ತಳದಲ್ಲಿ ಅಕ್ಕ ಕೊಡೆಯ ನೆರಳಿನಲ್ಲಿ ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡು ನಡೆದರು; ಹಿಂದೆ ಸನಿಕೆ ಗುದ್ದಲಿ ಹಿಡಿದ ಒಂಬತ್ತು ಜನ, ಎಲ್ಲ ತುದಿಯ ಹೊಲದವರೇ. ಎರಡೂ ಕಡೆ ಏರಿ, ಮೇಲೆ ಆಕಾಶದ ಒಂದು ಪಟ್ಟಿ. ಪರದೆಯಲ್ಲಿ ತೇಲುತ್ತಿದ್ದ ಜಾಗದೊಳಗೆ ನಾವೇ ನಡೆಯುತ್ತಿದ್ದೆವು.

ಮೊದಲ ಮೂರು ಉಬ್ಬುಗಳು ಇದ್ದಲ್ಲಿಯೇ ಇದ್ದವು. ಹೂಳು ಸಿಮೆಂಟಿನಂತೆ ಗಟ್ಟಿಯಾಗಿತ್ತು. ಸೇತುವೆಯ ಕೆಳಗಿನದನ್ನು ಒಡೆಯಲು ಒಂದೂವರೆ ದಿನ ಹಿಡಿಯಿತು.

ನಾಲ್ಕನೆಯ ಜಾಗದಲ್ಲಿ ಮೇಲೆ ಏನೂ ಕಾಣಲಿಲ್ಲ. ತಳ ಸಮನಾಗಿತ್ತು.

"ಇಲ್ಲೇನೂ ಇಲ್ಲಲ್ಲವಾ," ಎಂದರು ಆ ಜಾಗದ ಪಕ್ಕದ ಹೊಲದ ವಯಸ್ಸಾದ ಮುತ್ಯಾ.

ಅಕ್ಕ ಪರದೆ ನೋಡಿದರು, ನನ್ನನ್ನು ನೋಡಿದರು. ಪರದೆಯಲ್ಲಿ, 24ರಂದು ತೆಗೆದಿಟ್ಟ ಚಿತ್ರದಲ್ಲಿ, ಮೊಣಕಾಲೆತ್ತರದ ಉಬ್ಬು ಇತ್ತು. ಮೂರು ಸರಿಯಾದ ಮೇಲೆ ನಾಲ್ಕನೆಯದನ್ನು ಅನುಮಾನಿಸಲು ನಮಗೆ ಮನಸ್ಸಾಗಲಿಲ್ಲ.

"ತಳ ಒಳಗಿಂದ ಎದ್ದಿರಬೇಕ್ರಿ ಮುತ್ಯಾ," ಎಂದೆ ನಾನು. ಹಾಗೆ ಹೇಳಲು ನನಗೆ ಯಾವ ಅಧಿಕಾರವೂ ಇರಲಿಲ್ಲ.

ನಾಲ್ಕು ಮೀಟರಿನಷ್ಟು ಕಾಂಕ್ರೀಟ್ ಹಾಸು ಒಡೆದರು. ಕೆಳಗೆ ಒಳ್ಳೆಯ ಗಟ್ಟಿ ಮಣ್ಣು ಬಿಟ್ಟು ಬೇರೇನೂ ಇರಲಿಲ್ಲ. ಯಾರೂ ಬೈಯಲಿಲ್ಲ. ಒಬ್ಬರು ಮಾತ್ರ, "ಕಂಪ್ಯೂಟರ್ ಇಲ್ಲಿ ಕನಸು ಕಂಡಾದ ನೋಡು," ಎಂದು ಸನಿಕೆ ಒರಗಿಸಿ ಬೀಡಿ ಹಚ್ಚಿದರು. ಒಡೆದ ಜಾಗಕ್ಕೆ ಮಾರ್ಚ್ 1ರಂದು ಹೊಸ ಕಾಂಕ್ರೀಟ್ ಹಾಕಿದರು. ಅದು ಗಟ್ಟಿಯಾಗಲು ಉಳಿದದ್ದು ನಾಲ್ಕೇ ದಿನ.

5ರಂದು ನೀರು ಬಿಟ್ಟರು. ಸಂಜೆ 5.50ಕ್ಕೆ ಅಕ್ಕನ ಫೋನು ಬಂತು. ಅವರು ಫೋನನ್ನು ನೀರಿನ ಹತ್ತಿರ ಹಿಡಿದಿದ್ದರು. ತುದಿಯ ಹೊಲದಲ್ಲಿ ನೀರು ಮೀನಖಂಡದವರೆಗೆ ಬಂದಿದೆಯೆಂದು ಆಮೇಲೆ ಹೇಳಿದರು.

9ರಂದು ಭಾನುವಾರ ಅಕ್ಕ ಲ್ಯಾಪ್‌ಟಾಪ್ ತಂದರು. ಅದೇ ಕಡತ, ಅದೇ ವೇಗ, ಅದೇ ಓರೆ ಬೆಳಕು. ಹನ್ನೆರಡು ಸಲ ಮುಚ್ಚಿ ತೆರೆದೆವು. ಮೂರು ಉಬ್ಬುಗಳು ಹನ್ನೆರಡು ಸಲವೂ ಇದ್ದವು. ನಾಲ್ಕನೆಯದು ಬಂದದ್ದು ಒಂದೇ ಸಲ, ಏಳನೆಯ ಸಲ. ಉಳಿದ ಹನ್ನೊಂದು ಸಲ ಅಲ್ಲಿ ತಳ ಸಮನಾಗಿಯೇ ಇತ್ತು. ಬಿಂದುಗಳ ಕಡತದಲ್ಲಿ ಆ ಜಾಗ ಖಾಲಿ ಇದೆ. ಅಳೆಯುವಾಗ ಜಾಲಿಯ ಕೊಂಬೆಗಳು ಅಡ್ಡ ಬಂದಿದ್ದವಂತೆ. ಖಾಲಿ ಜಾಗವನ್ನು ತುಂಬುವುದು ಪ್ರೋಗ್ರಾಮಿನ ಕೆಲಸ, ಅದನ್ನು ಬಿಡಿಸುವುದು ಕಾರ್ಡಿನ ಕೆಲಸ. ಪ್ರೋಗ್ರಾಮು ತಪ್ಪಿದ್ದರೆ ಪ್ರತಿ ಸಲವೂ ತಪ್ಪಬೇಕಿತ್ತು.

ಲ್ಯಾಪ್‌ಟಾಪಿನ ಕಾರ್ಡನ್ನು ಒಡೆಯರೇ ಬದಲಿಸಬಹುದೇ ಎಂದು ಈಗ ಯಾರಾದರೂ ಕೇಳಿದರೆ ನಾನು ಹೀಗೆ ಹೇಳುತ್ತೇನೆ: 62ರಲ್ಲಿ 60ಕ್ಕೆ ಸಾಧ್ಯವೇ ಇಲ್ಲ. ಉಳಿದ ಎರಡರಲ್ಲಿ ಒಂದನ್ನು ಬದಲಿಸಿದ್ದೇವೆ, ಅದರ ಕೊನೆಯ ಸ್ಕ್ರೂ ಒಡತಿಯೇ ಬಿಗಿದಿದ್ದಾರೆ, ಅದು ಇಂದಿಗೂ ಓಡುತ್ತಿದೆ. ಆದರೆ ಅದು ತೋರಿಸುವುದನ್ನೆಲ್ಲ ನಂಬಬಹುದೇ ಎಂದು ಕೇಳಿದರೆ ನನಗೆ ಗೊತ್ತಿಲ್ಲ.

ಆದ್ದರಿಂದ ಬಲ್ಲವರಲ್ಲಿ ಕೇಳುತ್ತಿದ್ದೇನೆ. ಒಮ್ಮೆ 96 ಡಿಗ್ರಿ ಕಂಡ ಕಾರ್ಡಿನ ಸ್ಮರಣೆಯಲ್ಲಿ ಹೀಗೆ ಹನ್ನೆರಡಕ್ಕೊಮ್ಮೆ ತಪ್ಪುವ ಮೂಲೆ ಉಳಿಯುತ್ತದೆಯೇ? ನವಸಾಗರ ಎಲ್ಲಾದರೂ ಒಳಗೆ ಉಳಿದು ಹೀಗೆ ಮಾಡಬಹುದೇ? ಅಥವಾ ನಾನು ಕರೆಂಟು ಕಡಿಮೆ ಕೊಟ್ಟದ್ದೇ ಕಾರಣವೇ? ಇಂಥದ್ದನ್ನು ನೋಡಿದವರು, ನೋಡಿದವರನ್ನು ಬಲ್ಲವರು, ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ನಾಲ್ಕು ಸಾಲು ಬರೆಯಿರಿ. ಹೊಸ ಕಾಂಕ್ರೀಟು ಕೂಡಿದ ಗೆರೆಯಲ್ಲಿ ನೀರು ಒಸರುತ್ತಿದೆ. ಪಕ್ಕದ ಹೊಲದ ಒಂದು ಮೂಲೆ ಸದಾ ಹಸಿ. ಕಾಲುವೆ ಮತ್ತೆ ನಿಂತಾಗ ಅದನ್ನು ಸರಿಮಾಡಿಕೊಡುತ್ತಾರೆ. ಅಷ್ಟರೊಳಗೆ ಆ ಹೊಲದ ಮುತ್ಯಾನ ಎದುರು ನಿಂತು, ಒಳ್ಳೆಯ ಹಾಸನ್ನು ಯಾಕೆ ಒಡೆಸಿದೆ ಎಂಬುದಕ್ಕೆ ನಾನು ಕಾರಣ ಹೇಳಬೇಕಾಗಿದೆ.